ಹೆಸರಿಡುವ ಗುಮಾಸ್ತರು

ನಗರಸಭೆಯಲ್ಲಿ ಬೀದಿಗೆ ಹೆಸರಿಡುವ ಕಡತವೂ ಮಳೆನೀರಿನ ಮೋರಿಯ ಕಡತವೂ ಇರುವುದು ಒಬ್ಬರೇ ಗುಮಾಸ್ತರ ಮೇಜಿನ ಮೇಲೆ. “ನಮ್ಮಪ್ಪನ ಹೆಸರು ಒಂದು ಬೀದಿಗಿಡಿ” ಎಂದು ಎಂಥ ದೊಡ್ಡ ಮನುಷ್ಯ ಬರಲಿ, ಕನ್ನಡಕ ಹಣೆಗೇರಿಸಿ, ಮೋರಿ ಕಟ್ಟಿಕೊಂಡು ನಾರುವ ಬೀದಿಯನ್ನೇ ಹುಡುಕಿ ಕೊಡುತ್ತಾರೆ. ಮೊದಲ ಮಳೆಗೇ ಜನ “ನಿಮ್ಮಪ್ಪನ ಬೀದಿ ಗಬ್ಬು ನಾರ್ತಿದೆ” ಎಂದು ಮಾನ ಹರಾಜು ಹಾಕುತ್ತಾರೆ. ಮಗ ಬಿದ್ದಂಬೀಳ ಓಡಿಬಂದು ಹೂಳೆತ್ತಿಸುತ್ತಾನೆ. “ನನ್ನ ಹತ್ತು ನೋಟೀಸಿಗೆ ಆಗದ್ದು ಒಂದು ಬೋರ್ಡಿಗೆ ಆಯ್ತು ನೋಡಿ!” ಎಂದು ಗುಮಾಸ್ತರು ಬೀಗುತ್ತಾರೆ. ಅವರ ಸ್ವಂತ ಬೀದಿಗೆ ಮಾತ್ರ ಇವತ್ತಿಗೂ ಬರೀ ನಂಬರು. “ತೀರಿಹೋದ ನಿಮ್ಮ ತಾಯಿ ಹೆಸರಿಡಬಾರದಾ ಸಾರ್?” ಎಂದು ನೆರೆಯವರು ಕೇಳಿದರೆ, ಭಾನುವಾರ ಪ್ಯಾಂಟು ಮಡಚಿಕೊಂಡು ಮೋರಿಗಿಳಿದವರು ಗುದ್ದಲಿ ನಿಲ್ಲಿಸದೆ ಹೇಳುತ್ತಾರೆ: “ತಡೀರಪ್ಪ, ನೀರು ಸರಾಗವಾಗಿ ಹೋಗ್ಲಿ. ಅಮ್ಮಂಗೆ ಯಾರೂ ಒಂದು ಮಾತು ಅನ್ನಬಾರ್ದು.”