ಕಣಜದೊಳಗೆ ಹೊಳೆದ ಅಣಬೆ

ರಿಂಬುವಿಗೆ ಅಣಬೆ ಎಂದರೆ ಭಯ. ಆದರೂ ನಮ್ಮ ಉದ್ದಮನೆಯ ಒಂದೇ ಸೂರಿನಡಿ ಇರುವ ಅಷ್ಟೂ ಸಂಸಾರದವರು ಕಾಡಿನಿಂದ ಅಣಬೆ ತಂದರೆ ಮೊದಲು ಬುಟ್ಟಿ ಇಳಿಸುವುದು ಅವಳ ಮುಂದೆಯೇ. ಹೆದರುವವಳ ಕೈಗೆ ಕೊಟ್ಟರೆ ತಾನೇ ಅವಳು ನಾಲ್ಕು ಸಲ ತಿರುಗಿಸಿ ನೋಡುವುದು?

ಕೊಳೆತ ದಿಮ್ಮಿಗಳ ಮೇಲೆ ಏಳುವ ಅಣಬೆಗಳಲ್ಲಿ ಅವಳಿಗೆ ಗುರುತಿರುವುದು ಏಳೆಂಟು ಮಾತ್ರ. ಇಲಿಕಿವಿಯಂತೆ ಕಪ್ಪಗೆ ಮೆತ್ತಗಿರುವುದೊಂದು, ರಬ್ಬರ್ ಮರ ಬಿದ್ದಲ್ಲಿ ಸಾಲುಗಟ್ಟುವ ಬೂದುಬಣ್ಣದ್ದೊಂದು, ಹೀಗೆ. ಮಿಕ್ಕಿದ್ದಕ್ಕೆಲ್ಲ ಒಂದೇ ಉತ್ತರ: "ಗೊತ್ತಿಲ್ಲ, ಬಿಸಾಕು." ಪಕ್ಕದ ಕೋಣೆಯ ಮುದುಕ ಉಂಗಾಟ್ ಆಡಿಕೊಳ್ಳುತ್ತಿದ್ದ: "ಈ ರಿಂಬು ತನ್ನ ನೆರಳನ್ನೂ ತಿರುಗಿಸಿ ನೋಡಿ ಆಮೇಲೆ ತುಳೀತಾಳೆ!" ಅವಳೂ ನಗುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ತಮ್ಮ ದಿಮ್ಮಿಯ ಬಿಳಿ ಅಣಬೆ ತಿಂದು, ವಾಂತಿ ಮಾಡಿ ಮಾಡಿ, ಅವಳ ಮಡಿಲಲ್ಲೇ ತಣ್ಣಗಾಗಿದ್ದ. ಅದನ್ನು ಅವಳು ಯಾರಿಗೂ ಹೆಚ್ಚು ಹೇಳಿದವಳಲ್ಲ. ಆಮೇಲೆ ಅವಳ ಅಮ್ಮ ಒಂದು ಪಾಠ ಕಲಿಸಿದ್ದಳು: ಗೊತ್ತಿಲ್ಲದ ಅಣಬೆಯನ್ನು ಗಾಢ ಕತ್ತಲಲ್ಲಿ ಹಿಡಿದು ನೋಡು. ಬೆಳಗಿದರೆ ಅದು ವಿಷ. ಬೆಳಗದಿದ್ದರೆ ಒಳ್ಳೆಯದು ಅಂತಲ್ಲ, ಗೊತ್ತಿಲ್ಲ ಅಂತಷ್ಟೇ.

ಅಣಬೆ ಬಿಟ್ಟರೆ ಅವಳು ಹೆದರುತ್ತಿದ್ದುದು ಸೊಸೆ ದಿಮಾಗೆ. ಹೊಳೆಯ ಮೇಲ್ಭಾಗದ ಊರಿನ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಈಗ ತುಂಬಿದ ಬಸುರಿ. ಬಂದ ಹೊಸತರಲ್ಲಿ ಒಣಮೀನು ಉಪ್ಪಾಯಿತು ಎಂದು ರಿಂಬು ಅಂದದ್ದಕ್ಕೆ ದಿಮಾ ಬಟ್ಟೆ ಗಂಟು ಕಟ್ಟಿ ದೋಣಿ ಹತ್ತಿ ಕೂತಿದ್ದಳು. ಮಗ ಚಂಗಾಯ್ ಕೈಕಾಲು ಹಿಡಿದು ಇಳಿಸಿಕೊಂಡು ಬಂದ. ತಾಯಿಯ ಜೊತೆ ಮಾತ್ರ ಬಹಳ ದಿನ ಮಾತು ಬಿಟ್ಟ. ಅಂದಿನಿಂದ ಸೊಸೆಯ ಮುಂದೆ ರಿಂಬು ಮಾತು ನುಂಗುವುದನ್ನು ಕಲಿತಳು.

ಅವತ್ತು ಬೆಳಿಗ್ಗೆ ಅವಳು ಬುಟ್ಟಿ ಬೆನ್ನಿಗೇರಿಸಿ ಗುಡ್ಡದ ಗದ್ದೆಗೆ ಹೊರಟಿದ್ದಳು. ಚಂಗಾಯ್ ಪಟ್ಟಣಕ್ಕೆ ಹೋಗಿದ್ದ. ಒಲೆಯ ಮುಂದಿದ್ದ ದಿಮಾ ಮುಖ ಅರಳಿಸಿ ಕರೆದಳು.

"ಅತ್ತೆ, ಅಣಬೆ ಸಾರು ಮಾಡ್ತಾ ಇದೀನಿ. ಒಂದು ತುತ್ತು ತಿಂದು ಹೋಗಿ. ಆಮೇಲೆ ಇಡೀ ಪಡಸಾಲೆಗೆ ಬಡಿಸ್ತೀನಿ!"

ಶುಂಠಿ, ಒಣಮೀನಿನ ನಡುವೆ ಬಿಳಿ ಚೂರುಗಳು ಕುದಿಯುತ್ತಿದ್ದವು. ಬೆಂದ ಮೇಲೆ ಯಾವ ಅಣಬೆಯ ಗುರುತು ತಾನೇ ಸಿಗುತ್ತದೆ? ಯಾವ ದಿಮ್ಮಿಯದಮ್ಮ ಎಂಬ ಮಾತು ರಿಂಬುವಿನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಕೇಳಿದರೆ ನಂಬಿಕೆ ಇಲ್ಲ ಎಂದಂತಾಗುತ್ತದಲ್ಲ. ಹಾಗಂತ ಮುಟ್ಟದೆ ಹೋಗುವಂತೆಯೂ ಇಲ್ಲ. ಕೊಟ್ಟ ಅನ್ನವನ್ನು ಮುಟ್ಟದೆ ಹೊರಟವರನ್ನು ನಮ್ಮಲ್ಲಿ ದಾರಿಯಲ್ಲಿ ಹಾವೋ ಮೊಸಳೆಯೋ ಕಾಯುತ್ತಿರುತ್ತದೆ. ತಿನ್ನಲಾಗದವರು ಬೆರಳ ತುದಿ ಅದ್ದಿ ಕೊರಳಿಗೆ ಸವರಿಕೊಂಡರೆ ಸಾಕು. ರಿಂಬು ಹಾಗೇ ಮಾಡಿದಳು.

"ಹೊತ್ತಾಯ್ತು ಕಣಮ್ಮ, ಬಂದು ತಿಂತೀನಿ."

ತೊರೆ ದಾಟುವಲ್ಲಿ ಒಂದು ಹಳೇ ಮರ ಬಿದ್ದು ಕೊಳೆಯುತ್ತಿತ್ತು. ಅದರ ಮಗ್ಗುಲಲ್ಲಿ ಬಿಳಿ ಅಣಬೆಯ ಗೊಂಚಲು, ಪಕ್ಕದಲ್ಲೇ ಆಗಷ್ಟೇ ಚಾಕು ಆಡಿಸಿದ ಗುರುತು. ರಿಂಬು ಮೊಣಕಾಲೂರಿ ಕೂತಳು. ಒಂದನ್ನು ಕಿತ್ತು ಮೇಲೆ ನೋಡಿದಳು, ಕೆಳಗಿನ ಗೆರೆ ನೋಡಿದಳು, ಬುಡ ಹಿಸುಕಿ ಮೂಸಿದಳು. ಬೂದುಬಣ್ಣದ್ದರ ಎಳೆಯದೇ ಇರಬಹುದು ಅನ್ನಿಸಿತು, ಆದರೆ ಬುಡ ದಪ್ಪ. ಗೊತ್ತಿಲ್ಲ. ದಿಮಾ ಕೊಯ್ದದ್ದು ಇದನ್ನೇ ಇರಬೇಕು. ಬುಟ್ಟಿಯನ್ನು ಅಲ್ಲೇ ಎಸೆದು, ಎರಡು ಅಣಬೆ ಕಿತ್ತುಕೊಂಡು ಮನೆಯತ್ತ ಓಡಿದಳು.

ಪಡಸಾಲೆಯಲ್ಲಿ ಜನ ಚಾಪೆ ಹಾಸಿ ಕೂತಿದ್ದರು. ದಿಮಾ ಉಂಗಾಟನ ತಟ್ಟೆಗೆ ಮೊದಲ ಸೌಟು ಬಡಿಸಿದ್ದಳು.

"ಯಾರೂ ಬಾಯಿಗಿಡ್ಬೇಡಿ!"

ದಿಮಾಳ ಮುಖ ಸಣ್ಣದಾಯಿತು. "ನಮ್ಮೂರಲ್ಲಿ ಇದನ್ನ ಚಿಕ್ಕಂದಿನಿಂದ ತಿಂದಿದೀವಿ ಅತ್ತೆ. ನಮ್ಮಮ್ಮ ಏನು ನಮಗೆ ವಿಷ ಹಾಕಿ ಸಾಕಿದ್ಲಾ?"

"ಬಿಡೇ ರಿಂಬು, ಸತ್ರೆ ಹೊಟ್ಟೆ ತುಂಬಿಸ್ಕೊಂಡೇ ಸಾಯ್ತೀನಿ," ಎಂದ ಉಂಗಾಟ್.

ರಿಂಬು ಉಂಗಾಟನ ತಟ್ಟೆಯನ್ನು ಪಾತ್ರೆಗೆ ಸುರಿದು, ಪಾತ್ರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಏಣಿ ಹತ್ತಿ ಅಟ್ಟ ಸೇರಿದಳು. ಅಲ್ಲಿ ಮರದ ತೊಗಟೆಯ ಭತ್ತದ ಕಣಜ ಕೊಯ್ಲಿಗೆ ಮುಂಚಿನ ದಿನಗಳಾದ್ದರಿಂದ ಖಾಲಿ ನಿಂತಿತ್ತು. ಅಣಬೆ ಹಿಡಿದು ಒಳಗಿಳಿದು ಮುಚ್ಚಳ ಎಳೆದುಕೊಂಡಳು. ಕೆಳಗೆ ಜನ ನಗುವುದು ಕೇಳಿಸುತ್ತಿತ್ತು. ಏನೂ ಕಾಣಲಿಲ್ಲ. ನನ್ನದೇ ತಪ್ಪಾಗಿರಲಿ ದೇವರೇ, ಊರೆಲ್ಲ ನಗಲಿ ಎಂದು ಬೇಡಿಕೊಂಡಳು. ಕಣ್ಣು ಕತ್ತಲಿಗೆ ಒಗ್ಗುತ್ತ ಬಂದಂತೆ ಅಂಗೈಯಲ್ಲಿ ಹಸಿರು ಬೆಳಕು ಮೆಲ್ಲಗೆ ಮೂಡಿತು. ತನ್ನ ಬೆರಳುಗಳೇ ಅವಳಿಗೆ ಕಂಡವು.

ಅವಳು ಕೂಗಿದ್ದಕ್ಕೆ ಉಂಗಾಟ್ ಹತ್ತಿ ಬಂದು ತಾನೂ ಕಣಜದೊಳಗೆ ತಲೆ ಹಾಕಿದ. ಇಳಿದು ಬಂದವನು ತಮಾಷೆ ಮಾಡಲಿಲ್ಲ. ತಟ್ಟೆಯ ಅಂಚಿನ ಪಸೆಯನ್ನು ಬೆರಳಲ್ಲಿ ಮುಟ್ಟಿ ಕೊರಳಿಗೆ ಸವರಿಕೊಂಡ. ಉಳಿದವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ತಿಂದರೆ ಅಣಬೆಯ ಭಯ, ಮುಟ್ಟದಿದ್ದರೆ ಮೊಸಳೆಯ ಭಯ. ಸವರಿಕೊಂಡ ಕೈಯನ್ನು ಎಲ್ಲರೂ ಎರಡೆರಡು ಸಲ ತೊಳೆದರು.

ದಿಮಾ ಮಾತ್ರ ಕಂಬಕ್ಕೆ ಒರಗಿ ಕುಸಿದು ಕೂತಿದ್ದಳು.

"ಅತ್ತೆ, ನಾನು ಉಪ್ಪು ನೋಡಿದ್ದೆ."

"ನಾಲಿಗೆಗೆ ಹಚ್ಚಿದ್ದಾ?"

"ಇಲ್ಲ. ಚೂರು ಬೆಂದಿದ್ಯಾ ಅಂತ ತಿಂದೆ. ರುಚಿಯಾಗಿತ್ತು, ಇನ್ನೆರಡು ತಿಂದೆ."

ಉಂಗಾಟ್ ದೋಣಿಯ ಯಂತ್ರ ಚಾಲೂ ಮಾಡುವಷ್ಟರಲ್ಲಿ ವಾಂತಿ ಶುರುವಾಗಿತ್ತು. ಹೊಳೆಯ ಕೆಳಭಾಗದ ಆಸ್ಪತ್ರೆಯವರೆಗೂ ರಿಂಬು ಸೊಸೆಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹುಡುಗಿಯ ಕೈ ತಣ್ಣಗಾಗುತ್ತಿತ್ತು. ರಿಂಬುವಿಗೆ ತಮ್ಮನ ಕೈಯ ನೆನಪಾಯಿತು. ಇವಳೂ ಹೋದರೆ, ಇವಳ ಹೊಟ್ಟೆಯಲ್ಲಿರುವುದೂ ಹೋದರೆ, ಕೊಂದವಳು ನಾನೇ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸು ಡ್ರಿಪ್ ಹಾಕಿದಳು, ಹೊಟ್ಟೆಗೆ ಕೊಳವೆ ಒತ್ತಿ ಬಹಳ ಹೊತ್ತು ಕಿವಿಗೊಟ್ಟಳು, ಕೊನೆಗೆ ತಲೆಯಾಡಿಸಿದಳು. ಮಗುವಿನ ಎದೆ ಬಡಿಯುತ್ತಿತ್ತು. ಸಂಜೆಗೆ ವಾಂತಿ ನಿಂತಿತು. ದಿಮಾ ಕಣ್ಣು ತೆರೆದಳು.

"ಬೆಳಿಗ್ಗೆ ನೀವು ತಿನ್ನದೆ ಹೋದ್ರಿ. ನಿಮಗೆ ಗೊತ್ತಿತ್ತಾ ಅತ್ತೆ?"

"ಇಲ್ಲಮ್ಮ. ಯಾವ ದಿಮ್ಮಿಯದು ಅಂತ ಕೇಳ್ಬೇಕು ಅಂತಿದ್ದೆ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ನೀನು ಕೋಪ ಮಾಡ್ಕೊಂಡು ತವರಿಗೆ ಹೊರಟುಬಿಟ್ರೆ ಅಂತ ಭಯ ಆಯ್ತು."

ದಿಮಾ ಒಣಗಿದ ತುಟಿಯಲ್ಲೇ ಹೇಳಿದಳು:

"ತವರಿಗೆ ಹೋಗಿದ್ರೆ ವಾಪಸ್ ಬರ್ತಿದ್ದೆ, ಅತ್ತೆ."