ಲವಿನಿಯಾ ಪೆಲೋ ನಗುತ್ತಾ ಓದಿದ ಕಾಗದ

ಲವಿನಿಯಾ ಪೆಲೋಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಬದುಕಿರುವಷ್ಟು ಕಾಲ ಇದನ್ನು ನಾನಾಗಿ ಯಾರ ಮುಂದೆಯೂ ಆಡಿದವಳಲ್ಲ, ನನ್ನ ಗಂಡ ಜೋಸೆಫನ ಮುಂದೆ ಕೂಡ. ಇಂಗ್ಲೆಂಡಿನ ಹಲ್ ಊರಿನ ನಾಟಕಶಾಲೆಯಲ್ಲಿ ಅವನು ಗ್ಯಾಸ್ ದೀಪ ನೋಡಿಕೊಳ್ಳುತ್ತಿದ್ದ, ನಾನು ಲವಿನಿಯಾಳಿಗೆ ಉಡುಪು ತೊಡಿಸುತ್ತಿದ್ದೆ. ಈಗ ಇಬ್ಬರೂ ಮಣ್ಣಲ್ಲಿದ್ದಾರೆ. ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಅವಳು ಹುಟ್ಟಿದ್ದು ಸಂತೆಯಿಂದ ಸಂತೆಗೆ ತಿರುಗುವ ಡೇರೆ ನಾಟಕದವರ ಬಂಡಿಯಲ್ಲಿ. ನಾಲ್ಕನೇ ವಯಸ್ಸಿಗೆ ದಿನಕ್ಕೆ ಮೂರು ಸಲ ರಂಗದ ಮೇಲೆ ಸಾಯುತ್ತಿದ್ದಳಂತೆ. ನಾಲ್ಕನೇ ಸಲ ಸಾಯಿ ಅಂದರೆ ಹಟ ಹಿಡಿದು ಅಳುತ್ತಿದ್ದಳಂತೆ. ಶಾಲೆಯ ಬಾಗಿಲು ಕಂಡವಳಲ್ಲ. ಆದರೆ ಕಿವಿ ಎಂಥದು ಅಂದರೆ, ಎರಡು ಸಲ ಕೇಳಿದ್ದು ಸಾಯುವವರೆಗೆ ಮರೆಯುತ್ತಿರಲಿಲ್ಲ.

ನಮ್ಮಲ್ಲಿ ಪಾತ್ರಧಾರಿಗೆ ಇಡೀ ನಾಟಕ ಕೊಡುವ ಪದ್ಧತಿಯಿಲ್ಲ. ಅವರವರ ಮಾತು, ಅದಕ್ಕೆ ಮುಂಚಿನವರ ಕೊನೆಯ ನಾಲ್ಕು ಪದ, ಇಷ್ಟೇ ಬರೆದ ಹಾಳೆ. ಅದನ್ನು ಲವಿನಿಯಾ ಎಲ್ಲರೆದುರು ಮುಖಕ್ಕೆ ಹಿಡಿದು ಪುಟ ತಿರುವುತ್ತಿದ್ದಳು. ಆಮೇಲೆ ಅವಳ ಕೋಣೆಯ ಬಾಗಿಲು ಹಾಕಿಕೊಂಡು, ಭಾನುವಾರದ ಚರ್ಚ್ ಶಾಲೆಯಲ್ಲಿ ಕಲಿತಷ್ಟು ಅಕ್ಷರದಲ್ಲಿ ತಡವರಿಸುತ್ತಾ ನಾನು ಓದಿ ಹೇಳಬೇಕು. ಅವಳ ಮಾತು ಮಾತ್ರ ಸಾಲದು. ರಂಗದ ಪಕ್ಕದ ಮರೆಯಲ್ಲಿ, ವಿಂಗಿನಲ್ಲಿ, ಕೂತು ಮಾತು ಎತ್ತಿಕೊಡುವವನ ಹತ್ತಿರ ಏನಾದರೂ ನೆಪ ಹೇಳಿ ಪೂರ್ತಿ ಪುಸ್ತಕ ತಂದು ಎಲ್ಲರ ಮಾತನ್ನೂ ಓದಬೇಕು. ಯಾರ ಬಾಯಿಂದ ಏನು ಬರುತ್ತೆ ಅಂತ ಗೊತ್ತಿಲ್ಲದೆ ಹೇಗೆ ನಿಂತ್ಕೊಳ್ಳೋದು ಅನ್ನುತ್ತಿದ್ದಳು.

ಗುಟ್ಟು ಹೊರಬಿದ್ದರೆ ಅವಳ ಕೆಲಸ ಹೋದ ಹಾಗೆಯೇ. ಸೋಮವಾರ ಕೈಗೆ ಬಂದ ನಾಟಕವನ್ನು ಗುರುವಾರ ಆಡುವ ಕಂಪನಿ ನಮ್ಮದು, ಅಕ್ಷರ ಬಾರದ ನಾಯಕಿಯನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ನಾಯಕನ ಪಾತ್ರದ ಆಗಸ್ಟಸ್ ಟ್ರಾನ್ಮರ್ ಬೇರೆ, ತನ್ನ ಹೆಂಡತಿ ಕ್ಲಾರಾಗೆ ಆ ಜಾಗ ಕೊಡಿಸಬೇಕು ಅಂತ ನಾಲ್ಕು ವರ್ಷದಿಂದ ಮಾಲೀಕರ ಕಿವಿ ಕಚ್ಚುತ್ತಿದ್ದ. ಲವಿನಿಯಾಳಿಗೋ ಗಂಡ ಕ್ಷಯದಲ್ಲಿ ಹೋಗಿದ್ದ. ಆರು ವರ್ಷದ ಮಗಳು ಎಫಿಯನ್ನು ಬ್ರಿಡ್ಲಿಂಗ್ಟನ್‌ನಲ್ಲಿ ಮಿಸೆಸ್ ಹಾರ್ಲ್ಯಾಂಡ್ ಅನ್ನುವ ರೈತ ಹೆಂಗಸಿನ ಮನೆಯಲ್ಲಿ ಬಿಟ್ಟಿದ್ದಳು. ಆ ಕೂಸಿನ ಹಾಲು ರೊಟ್ಟಿ ಈ ಕೆಲಸದಿಂದಲೇ ನಡೆಯಬೇಕು.

ಸಾವಿರದ ಎಂಟುನೂರ ಎಂಬತ್ತೊಂದರ ಫೆಬ್ರವರಿಯ ಒಂದು ಶನಿವಾರ. ಮಧ್ಯಾಹ್ನ ಎರಡಕ್ಕೆ ಒಂದು ಆಟ, ಏಳಕ್ಕೆ ಅದೇ ಆಟ ಇನ್ನೊಮ್ಮೆ. ಎರಡನೇ ಅಂಕ ನಡೆಯುತ್ತಿದ್ದಾಗ ಬಾಗಿಲು ಕಾಯುವವನು ಅವಳ ಹೆಸರಿನ ಕಾಗದ ತಂದುಕೊಟ್ಟ. ಅವಳ ಕಾಗದ ಒಡೆಯುವುದು ನಾನೇ. ನಿಂತಲ್ಲೇ ಓದಿದೆ. ಎಫಿಗೆ ಕೆಂಪುಜ್ವರ ಬಂದು ಬುಧವಾರ ಬೆಳಗಿನ ಜಾವ ತೀರಿಕೊಂಡಳು, ಅಂಟುವ ರೋಗವಾದ್ದರಿಂದ ಅವತ್ತೇ ಮಣ್ಣು ಮಾಡಿದೆವು ಅಂತ ಮಿಸೆಸ್ ಹಾರ್ಲ್ಯಾಂಡ್ ಬರೆದಿದ್ದಳು.

ಕಳೆದ ಭಾನುವಾರ ಆ ಮಗುವಿಗೆ ಎರಡು ಜೊತೆ ಕಾಲುಚೀಲ ಕಟ್ಟಿ ಕಳಿಸಿದ್ದವಳು ನಾನು. ಇನ್ನೂ ಎರಡು ಅಂಕ ಬಾಕಿ ಇತ್ತು. ಆಟ ಮುಗಿಯಲಿ, ಆಮೇಲೆ ಹೇಳೋಣ ಅಂತ ಅದನ್ನು ಮಡಚಿ ಏಪ್ರನ್ ಜೇಬಿಗೆ ತುರುಕಿದೆ. ಅದೇ ಜೇಬಿನಲ್ಲಿ, ಮೂರನೇ ಅಂಕಕ್ಕೆ ಬೇಕಾದ ನಾಟಕದ ಕಾಗದವೂ ಇತ್ತು. ಉಡುಪು ಬದಲಿಸಲು ಸಿಗುವುದು ಎರಡೇ ನಿಮಿಷ. ಅವಳ ಬೆನ್ನಿನ ಹುಕ್ಕು ಹಾಕಿದೆ, ಸೊಂಟಪಟ್ಟಿಗೆ ಕಾಗದ ಸಿಕ್ಕಿಸಿ ಕಳಿಸಿದೆ.

ನಾಟಕದಲ್ಲಿ ಅದು ಸೆರೆಯಲ್ಲಿದ್ದ ತಮ್ಮ ಬಿಡುಗಡೆಯಾಗಿ ಬರೆದ ಕಾಗದ. ಅಕ್ಕ ಅದರ ಅರ್ಧವನ್ನು ನಗುತ್ತಾ ಓದಿ, ಸಂತೋಷಕ್ಕೆ ಗಂಟಲು ಕಟ್ಟಿ, ಉಳಿದರ್ಧಕ್ಕೆ ಗಂಡನ ಕೈಗೆ ಕೊಡಬೇಕು. ಅಕ್ಕ ಅಂದರೆ ಲವಿನಿಯಾ, ಗಂಡ ಅಂದರೆ ಟ್ರಾನ್ಮರ್. ಕಾಗದದ ಮಾತನ್ನು ನಾಟಕದವರು ಯಾರೂ ಬಾಯಿಪಾಠ ಮಾಡುವುದಿಲ್ಲ. ಹಾಳೆಯ ಮೇಲೇ ಬರೆದಿರುತ್ತದೆ, ನೋಡಿ ಓದಿದರಾಯಿತು. ಬಾಯಿಪಾಠ ಮಾಡುತ್ತಿದ್ದವಳು ಲವಿನಿಯಾ ಒಬ್ಬಳೇ.

ವಿಂಗಿನಲ್ಲಿ ನಿಂತು ಜೇಬಿಗೆ ಕೈ ಹಾಕಿದೆ. ಒಳಗಿದ್ದ ಕಾಗದ ತೆಗೆದು ನೋಡಿದರೆ, ದಪ್ಪ ಅಕ್ಷರದಲ್ಲಿ ‘ಪ್ರೀತಿಯ ಅಕ್ಕ’ ಅಂತ ಇತ್ತು.

ಅವಳು ಆಗಲೇ ಬಿಚ್ಚಿದ್ದಳು. ನಾನು ಸ್ವತಂತ್ರನಾದೆ ಅಕ್ಕ, ನಾಳೆ ಮನೆಗೆ ಬರುತ್ತೇನೆ, ದೀಪ ಹಚ್ಚಿಡು ಅಂತ ನಗುನಗುತ್ತಾ ಓದಿದಳು. ಕಣ್ಣು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು, ಅದನ್ನೂ ಅಷ್ಟು ಚೆನ್ನಾಗಿ ಕಲಿತಿದ್ದಳು. ಸರಿಯುತ್ತಿದ್ದದ್ದು ಹೆತ್ತ ಮಗಳ ಸಾವಿನ ಮೇಲೆ. ಕಾಗದವನ್ನು ಕೆನ್ನೆಗೊತ್ತಿಕೊಂಡು ಟ್ರಾನ್ಮರ್ ಕೈಗೆ ಕೊಟ್ಟಳು.

ಅವನು ನೋಡಿದ. ಬಾಯಿ ತೆರೆದದ್ದು ಹಾಗೇ ನಿಂತಿತು. ಬಣ್ಣ ಬಳಿದ ಮುಖವೂ ಬಿಳಿಚಿಕೊಳ್ಳುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ವಿಂಗಿನಿಂದ ಮಾತು ಎತ್ತಿಕೊಟ್ಟರೂ ಅವನ ಕಿವಿಗೆ ಬೀಳಲಿಲ್ಲ. ಗ್ಯಾಲರಿಯಿಂದ ಯಾವನೋ, “ಕನ್ನಡಕ ಕಳಿಸ್ಲೇನಯ್ಯಾ?” ಅಂದ. ಜನ ಗೊಳ್ಳೆಂದರು. ಆಗ ಲವಿನಿಯಾ ಅವನ ಕೈಯಿಂದ ಕಾಗದ ಕಿತ್ತುಕೊಂಡು, ಅದನ್ನು ಮುಖದ ಮುಂದೆ ಹಿಡಿದು, ಅವನ ಅರ್ಧವನ್ನೂ ಒಂದು ಪದ ತಪ್ಪದೆ ಓದಿಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ.

ಒಳಗೆ ಬಂದವಳೇ ಕಾಗದವನ್ನು ಅವನ ಎದೆಗೆ ಒತ್ತಿ ಮಾತಿನಲ್ಲಿ ಚುಚ್ಚಿದಳು. “ಊಟದ ಜೊತೆ ಎಷ್ಟು ಲೋಟ ಬಿಯರ್ ಹೋಯ್ತು ಮಿಸ್ಟರ್ ಟ್ರಾನ್ಮರ್? ನಾಲ್ಕು ಸಾಲು ಓದೋದಕ್ಕಾಗ್ಲಿಲ್ವಾ? ನಿಮಗೂ ನಾನೇ ಓದಿ ಹೇಳ್ಬೇಕಾಯ್ತು.”

ಆ ಮನುಷ್ಯ ಒಂದು ಮಾತಿಗೆ ಹತ್ತು ಮಾತು ಆಡುವವನು. “ಕಣ್ಣು ಮಂಜಾಯ್ತು ಮೇಡಂ. ಕ್ಷಮಿಸಿ,” ಅಂದ. ಅವಳು ಗೆದ್ದ ಖುಷಿಯಲ್ಲಿ ಮುಂದೆ ಹೋದಳು. ಅವನು ಕಾಗದವನ್ನು ನನ್ನ ಕೈಗಿಟ್ಟ.

“ಅವಳಿಗೆ ಓದೋಕೆ ಬರಲ್ಲ, ಅಲ್ವೇನೇ ಹ್ಯಾನಾ?”

ಹೌದು ಅಂತ ತಲೆ ಆಡಿಸಿದೆ. ಇಷ್ಟು ವರ್ಷ ಕಾಪಾಡಿದ್ದು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಮಾಲೀಕರೇ ಬಂದು, ಅಲ್ಲಿ ಆಗಿದ್ದೇನು ಅಂತ ರೇಗಿದರು. ಟ್ರಾನ್ಮರ್ ನನ್ನ ಕಡೆ ನೋಡದೆ, ತಪ್ಪು ನಂದೇ ಸಾರ್, ದೀಪದ ಝಳಕ್ಕೆ ಅಕ್ಷರ ಕಾಣಲಿಲ್ಲ ಅಂದುಬಿಟ್ಟ.

ಪರದೆ ಬಿದ್ದ ಮೇಲೆ ಅವಳನ್ನು ಕೂರಿಸಿ ಓದಿ ಹೇಳಿದೆ. ಅಳಲಿಲ್ಲ. ಇನ್ನೊಮ್ಮೆ ಓದು ಅಂದಳು. ಮತ್ತೆ ಇನ್ನೊಮ್ಮೆ. ಮೂರನೇ ಸಲಕ್ಕೆ ಹಾಳೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಅದರ ಮೇಲೆ ಅವಳದೇ ಕೆನ್ನೆಯ ಬಣ್ಣ ಅಂಟಿತ್ತು.

“ಇದೇ ನನ್ನ ಕೈಯಲ್ಲಿದ್ದದ್ದು.”

“ಹೌದು.”

“ನಾನು ನಕ್ಕೆ.”

ಆ ಕಾಗದ ಸೊಂಟಪಟ್ಟಿಗೆ ಹೇಗೆ ಬಂತು ಅಂತ ಅವಳು ಕೇಳಲಿಲ್ಲ, ಅವತ್ತೂ, ಮುಂದೆಂದೂ. ನಾನೂ ಹೇಳಲಿಲ್ಲ. ಕೇಳದೆ ಬಿಟ್ಟಳಲ್ಲ ಅನ್ನುವುದೇ ಇವತ್ತಿಗೂ ನನ್ನ ಎದೆಯ ಮೇಲೆ ಕೂತಿದೆ.

ಮಗುವಿನ ಸುದ್ದಿ ಕೇಳಿ, ಸಂಜೆಯ ಆಟಕ್ಕೆ ಕ್ಲಾರಾ ನಿಲ್ಲಲಿ ಅಂದರು ಮಾಲೀಕರು. ಲವಿನಿಯಾ ಒಪ್ಪಲಿಲ್ಲ. ಬ್ರಿಡ್ಲಿಂಗ್ಟನ್ ರೈಲು ಇರುವುದು ನಾಳೆ ಬೆಳಿಗ್ಗೆ, ಮಗು ಆಗಲೇ ಮಣ್ಣಲ್ಲಿದೆ, ಅಲ್ಲಿಯವರೆಗೆ ಗೋಡೆ ನೋಡುತ್ತಾ ಕೂರಲೇ ಅಂತ ಕೇಳಿದಳು.

ಮೂರನೇ ಅಂಕ ಬಂತು. ಕಾಗದ ಬಿಚ್ಚಿದಳು, ನಿಂತಳು. ಮಾತು ಅವಳಿಗೆ ನೀರು ಕುಡಿದಷ್ಟು ಸಲೀಸು, ಮರೆತಿರಲು ಸಾಧ್ಯವೇ ಇರಲಿಲ್ಲ. ಆದರೆ ಹಾಳೆಯನ್ನೇ ದಿಟ್ಟಿಸುತ್ತಿದ್ದಳು, ಹಾವನ್ನು ಕಂಡವಳ ಹಾಗೆ. ಆಗ ನನಗೆ ಹೊಳೆಯಿತು: ಇದರಲ್ಲಿ ಏನಿದೆಯೋ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಟ್ರಾನ್ಮರ್ ತನ್ನ ಜಾಗ ಬಿಟ್ಟು ಬಂದ. ಹೆಂಡತಿಯ ಹೆಗಲಿಗೆ ಕೈ ಹಾಕುವ ಗಂಡನ ಹಾಗೆ ಹಿಂದೆ ನಿಂತು, ತುಟಿ ಅಲ್ಲಾಡಿಸದೆ ಹೇಳಿದ. ಹತ್ತಿರದ ವಿಂಗಿನಲ್ಲಿದ್ದ ನನಗೆ ಕೇಳಿಸಿತು.

“ಸರಿಯಾದ ಕಾಗದಾನೇ. ನಾನು ನೋಡಿದೀನಿ. ಶುರು ಮಾಡಿ.”

ಶುರು ಮಾಡಿದಳು. ಮೊದಲ ಪದ ಒಡೆದು ಬಂತು, ಉಳಿದದ್ದು ನೆಟ್ಟಗೆ ಬಂತು. ಅವನ ಅರ್ಧ ಬಂದಾಗ ಅವನು ಕಾಗದಕ್ಕೆ ಕೈ ಚಾಚಲೇ ಇಲ್ಲ. ಎರಡು ಆಟದ ನಡುವೆ ಎಲ್ಲೋ ಕೂತು ಕಲಿತಿದ್ದ. ಜನರ ಕಡೆ ತಿರುಗಿ ಒಪ್ಪಿಸಿದ.

ಆಮೇಲೆ ಹನ್ನೊಂದು ವರ್ಷ ಲವಿನಿಯಾ ಅಲ್ಲೇ ನಾಯಕಿಯಾಗಿದ್ದಳು. ಇಬ್ಬರೂ ದಿನ ಬೆಳಗಾದರೆ ಜಗಳವಾಡಿದರು. ಆದರೂ ಕಾಗದ ಓದುವ ದೃಶ್ಯವಿದ್ದ ದಿನ ಅವನು ಮೊದಲೇ ಬಂದು ಹಾಳೆ ಕೇಳಿ ಪೂರ್ತಿ ಓದಿ, ಅವಳಿಗೆ ತಲೆ ಆಡಿಸಿ ಹೋಗುತ್ತಿದ್ದ. ಕ್ಲಾರಾಳ ವಿಷಯ ಮಾಲೀಕರ ಹತ್ತಿರ ಮತ್ತೆ ಎತ್ತಲಿಲ್ಲ. ಆ ಹೆಂಗಸು ನನ್ನ ಗಂಡನಿಗೆ ಏನು ಮಾಡಿದಳೇ ಅಂತ ಕ್ಲಾರಾ ಮುದುಕಿಯಾದ ಮೇಲೂ ನನ್ನನ್ನು ಕೇಳುತ್ತಿದ್ದಳು. ನನಗೇನು ಗೊತ್ತಮ್ಮ, ನಾನು ಉಡುಪು ತೊಡಿಸುವವಳು ಅನ್ನುತ್ತಿದ್ದೆ.