ಟೈಪಿಂಗ್ ಮೇಡಂ ಕಡಲಾಚೆ ಕಳಿಸಿದ ಮಿಷನ್ನು

ಮೇಡಂ ಅವರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ನಲವತ್ತು ವರ್ಷ ಟೈಪ್‌ರೈಟರಿನ ಅಂಚಿನ ಗಟ್ಟಿ ಕೀಲಿಗಳನ್ನು ಒತ್ತಿ ಒತ್ತಿ ಹಾಗಾಗಿದ್ದವು. ಕಾಫಿ ಲೋಟ ಹಿಡಿದರೂ ಅವೆರಡು ಲೋಟಕ್ಕೆ ತಾಗದೆ ದೂರವೇ ನಿಲ್ಲುತ್ತಿದ್ದವು.

ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ಟೈಪಿಂಗ್ ಶಾಲೆ. ನಾನು ಪಿಯುಸಿ ಫೇಲಾಗಿ ಮಧುವನಹಳ್ಳಿಯ ಮನೆಯಲ್ಲಿ ಕೂತಿದ್ದಾಗ ಅಪ್ಪ ಅಲ್ಲಿಗೆ ಸೇರಿಸಿದರು. ಮೇಡಂ ಬೈಯುತ್ತಿರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಪ್ಪಿನ ಕೆಳಗೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟು ವಾಪಸ್ಸು ಕೊಡುವರು. "ಅವಸರ ನಿಂಗೆ ಕಣಮ್ಮ, ಅಕ್ಷರಕ್ಕಲ್ಲ," ಎನ್ನುವರು. ಅಲ್ಲಿ ಕಲಿತದ್ದರ ಬಲದಿಂದಲೇ ಮುಂದೆ ಅದೇ ಬೀದಿಯಲ್ಲಿ ನಾನು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟೆ.

ಕಟ್ಟಡದ ಯಜಮಾನರು ಮಹಡಿ ಖಾಲಿ ಮಾಡಲು ಹೇಳಿದಾಗ ಕಲಿಯುವವರು ಯಾರೂ ಉಳಿದಿರಲಿಲ್ಲ. ಒಂಬತ್ತು ಮಿಷನ್ನುಗಳು ಉಳಿದಿದ್ದವು. ಗುಜರಿಯವನು ತೂಕಕ್ಕೆ ಕೇಳಿ ಹೋದ.

"ತೂಕಕ್ಕೆ ಆಕಾಕೆ ಮನಸ್ ಬರಾಕಿಲ್ಲ," ಎಂದರು ಮೇಡಂ. "ಕೂತ್ಕಂಡು ಟೈಪ್ ಮಾಡೋರು ಸಿಕ್ಕುದ್ರೆ ಸಾಕು."

ಹಳೆಯ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ಫೋಟೋ ಹಾಕೋಣ ಎಂದವಳು ನಾನು. ಮೊದಲು ಹಾಕಿದ್ದು ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಕೂರುವ ಚಿಕ್ಕ ಕನ್ನಡ ಮಿಷನ್ನು. ಒಂಬತ್ತರಲ್ಲಿ ಅದೊಂದು ಮಾತ್ರ ಶಾಲೆಯದಲ್ಲ, ಮೇಡಂ ಅವರ ಸ್ವಂತದ್ದು. ಚಿಕ್ಕ ವಯಸ್ಸಿನಲ್ಲಿ ವಕೀಲರ ಕಾಗದಗಳನ್ನು ಟೈಪ್ ಮಾಡಿ ಕೂಡಿಸಿದ ದುಡ್ಡಿನಲ್ಲಿ ಕೊಂಡಿದ್ದರು. ಮೂರೇ ದಿನಕ್ಕೆ ಹೊರದೇಶದವನೊಬ್ಬ ಕೇಳಿದ. ನಾವು ಹೇಳಿದ ಬೆಲೆಗೆ ಒಂದು ಮಾತೂ ಆಡದೆ ಒಪ್ಪಿದ. ಮಾರನೆಯ ದಿನ ಬ್ಯಾಂಕೊಂದರ ಹೆಸರಿನಲ್ಲಿ ಇಂಗ್ಲಿಷಿನ ಇ-ಮೇಲ್ ಬಂತು: ಹಣ ಬಂದಿದೆ, ಪಾರ್ಸೆಲ್ ಕಳಿಸಿದ ರಸೀದಿ ಸಂಖ್ಯೆ ಕೊಟ್ಟ ಕೂಡಲೇ ನಿಮ್ಮ ಖಾತೆಗೆ ಸೇರುತ್ತದೆ.

ಪ್ರಿಂಟ್ ತೆಗೆದುಕೊಟ್ಟೆ. ಮೇಡಂ ಕನ್ನಡಕ ಏರಿಸಿ ಎರಡು ಸಲ ಓದಿದರು. ಪೆನ್ಸಿಲ್ ಕೇಳಿ, 'ರಿಸೀವ್ಡ್' ಎಂಬ ಪದದ ಕೆಳಗೆ ಚುಕ್ಕೆ ಇಟ್ಟರು. ಅದರಲ್ಲಿ ಎರಡು ಅಕ್ಷರ ಹಿಂದುಮುಂದಾಗಿದ್ದವು.

"ಬ್ಯಾಂಕ್ನೋರು ಇಂಗ್ ತಪ್ ಮಾಡ್ತಾರೇನಮ್ಮ?"

"ಈಗ ಸ್ಪೆಲ್ಲಿಂಗ್ ಎಲ್ಲ ಯಾರ್ ನೋಡ್ತಾರೆ ಮೇಡಂ? ಕಂಪ್ಯೂಟರ್ ತಾನಾಗೇ ಕಳಿಸೋದು," ಎಂದೆ.

"ದುಡ್ ಖಾತೆಗ್ ಬರ್ಲಿ. ಆಮೇಲ್ ಕಳ್ಸುವಾ."

"ಫಾರಿನ್ನೋರ ರೂಲ್ಸೇ ಇಂಗೆ. ತಡ ಮಾಡುದ್ರೆ ಬ್ಯಾಡ ಅಂದ್ಬುಡ್ತಾರೆ. ನಾನಿದೀನಲ್ಲ ಮೇಡಂ, ಕಳ್ಸಿ."

ನನಗೆ ಅದರ ಬಗ್ಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವರ ಮುಂದೆ ಹೇಳುವುದು ನನ್ನಿಂದಾಗಲಿಲ್ಲ. ಅವರಿಗೆ ಬಾರದ ಒಂದು ವಿದ್ಯೆ ನನಗೆ ಬರುತ್ತದೆ ಎಂಬ ಹಿಗ್ಗು ಇತ್ತು.

ಅವರು ಮಿಷನ್ನನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದರು. ರಿಬ್ಬನ್ ಬದಲಿಸುವುದು ಹೇಗೆ, ಎಣ್ಣೆ ಎಲ್ಲಿಗೆ ಬಿಡಬೇಕು, ಎಲ್ಲಿಗೆ ಬಿಡಬಾರದು ಎಂದು ಒಂದು ಹಾಳೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಒಳಗಿಟ್ಟರು. ಆ ಹಾಳೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿನ ಖರ್ಚನ್ನೂ ಅವರೇ ಕೊಟ್ಟರು.

ರಸೀದಿ ಸಂಖ್ಯೆ ಕಳಿಸಿದ ಮೇಲೆ ಆ ಕಡೆಯಿಂದ ಒಂದು ಅಕ್ಷರವೂ ಬರಲಿಲ್ಲ. ಹದಿನೈದು ದಿನ ಕಾದು ಮೇಡಂ ಅವರ ಬ್ಯಾಂಕಿಗೆ ಹೋದೆವು. ಅಲ್ಲಿನ ಅಧಿಕಾರಿ ಪ್ರಿಂಟ್ ನೋಡಿ ತಲೆಯಾಡಿಸಿದರು. "ಇದನ್ನ ಯಾವ ಬ್ಯಾಂಕೂ ಕಳ್ಸಿಲ್ಲ ಮೇಡಂ. ಖಾತೇಲಿ ಕಂಡ್ರೇನೆ ದುಡ್ಡು. ಇ-ಮೇಲಲ್ಲಿ ಕಂಡ್ರೆ ಅಲ್ಲ. ಒಂದ್ ಮಾತು ಬಂದು ಕೇಳ್ಬಾರ್ದಿತ್ತಾ?"

ಮೇಡಂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ಪೊಲೀಸರಿಗೆ ದೂರು ಬರೆದುಕೊಟ್ಟೆವು; ಅದರಿಂದ ಏನೂ ಆಗಲಿಲ್ಲ. ಮುಂದಿನ ತಿಂಗಳು ಬೇರೆ ದೇಶದ ಹೆಂಗಸೊಬ್ಬಳು ಇನ್ನೊಂದು ಮಿಷನ್ನು ಕೇಳಿದಳು. ಹಣ ಮೊದಲೇ ಖಾತೆಗೆ ಹಾಕುತ್ತೇನೆ, ಬಂದದ್ದನ್ನು ನೋಡಿಕೊಂಡೇ ಕಳಿಸಿ ಎಂದಳು. ಓಡಿಹೋಗಿ ಹೇಳಿದೆ.

"ಬ್ಯಾಡ ಬುಡಮ್ಮ," ಎಂದರು. "ಒಳ್ಳೆ ಹೆಂಗ್ಸೇ ಇರ್ಬೋದು. ನಂಗೆ ನಂಬಾಕಾಯ್ತಿಲ್ಲ."

ಉಳಿದ ಎಂಟೂ ಗುಜರಿಗೆ ಹೋದವು. ಗುಜರಿಯವನು ಗಾಡಿಗೆ ಎತ್ತಿ ಹಾಕುವಾಗ ಮೇಡಂ ಒಳಗೆ ಖಾಲಿ ಬೆಂಚುಗಳನ್ನು ಒರೆಸುತ್ತಿದ್ದರು. ಆ ವಾರವೇ ಯಳಂದೂರಿನ ತಮ್ಮನ ಮನೆಗೆ ಹೋದರು. ನಾನು ಎರಡು ಸಲ ಹೋಗಿ ನೋಡಿದೆ. ಎರಡು ಸಲವೂ ನನ್ನ ಅಂಗಡಿ ಹೇಗಿದೆ, ಮಗಳು ಎಷ್ಟನೇ ಕ್ಲಾಸು ಎಂದಷ್ಟೇ ಕೇಳಿದರು. ಕ್ಷಮೆ ಕೇಳಬೇಕೆಂದೇ ಹೋದವಳು ಕೇಳದೆ ಬಂದೆ. ವರ್ಷ ತುಂಬುವುದರೊಳಗೆ ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಅವರ ತಮ್ಮ ನನ್ನ ಎಲೆಯ ಮುಂದೆ ಬಂದು ನಿಂತರು.

"ನೀನೇ ಅಲ್ವೇನವ್ವ ಜೆರಾಕ್ಸ್ ಅಂಗಡಿಯವ್ಳು? ಅಕ್ಕ ಹೇಳ್ತಿದ್ರು. ದುಡ್ ಬರೋಗಂಟ ಮಿಷನ್ ಕಳಿಸ್ಬ್ಯಾಡಿ ಅಂತ ನೀನು ಬಡ್ಕಂಡ್ಯಂತೆ. 'ಆ ಮಗ ಬ್ಯಾಡ ಅಂತು, ನಾನೇ ಕೇಳ್ನಿಲ್ಲ, ಆಸೆ ಬಿದ್ದೆ' ಅಂತಿದ್ರು. ಇನ್ನೊಸಿ ಅನ್ನ ಆಕುಸ್ಕೊ."

ಸುತ್ತ ಕೂತಿದ್ದವರು ನನ್ನನ್ನು ಒಳ್ಳೆಯವಳೆಂಬಂತೆ ನೋಡಿದರು. ಹಾಗಲ್ಲ ಎನ್ನಲು ಬಾಯಿ ತೆರೆದೆ. ಬಡಿಸುವವರು ಬಂದರು. ಅನ್ನ ಹಾಕಿಸಿಕೊಂಡು, ತಲೆ ತಗ್ಗಿಸಿ ಉಂಡು, ಕೈ ತೊಳೆದು ಬಸ್ಸು ಹತ್ತಿದೆ.

ಅಂದು ಆಡದ ಮಾತನ್ನು ಇಲ್ಲಿ ಬರೆದಿದ್ದೇನೆ. ಬೇಡ ಎಂದವರು ಮೇಡಂ. ಕಳಿಸಿ ಎಂದವಳು ನಾನು.